ಅಪ್ಪನ ಸಕ್ಕರೆ, ಅಮ್ಮನ ವಾಕಿಂಗು

ನಮ್ಮ ಮನೆಯಲ್ಲಿ ಬಾಟಲಿ ಎಸೆಯುವ ಪದ್ಧತಿ ಇರಲಿಲ್ಲ. ಜಾಮಿನ ಬಾಟಲಿ ಖಾಲಿಯಾದರೆ ಅದಕ್ಕೆ ಸಾರಿನ ಪುಡಿ, ಟಾನಿಕ್ಕಿನ ಬಾಟಲಿ ಖಾಲಿಯಾದರೆ ಅದಕ್ಕೆ ಹರಳೆಣ್ಣೆ. ಸದ್ಯಕ್ಕೆ ಕೆಲಸವಿಲ್ಲದವು ಮೆಟ್ಟಿಲ ಕೆಳಗಿನ ಮರದ ಪೆಟ್ಟಿಗೆಯಲ್ಲಿ ಕಾಯುತ್ತಾ ಕೂರಬೇಕು. ಹಾಗೆ ಕಾಯುತ್ತಿದ್ದವು ನಲವತ್ತಕ್ಕೆ ಕಡಿಮೆಯಿರಲಿಲ್ಲ. ಎಲ್ಲವನ್ನೂ ಅಮ್ಮ ಸೀಗೆಪುಡಿ ಹಾಕಿ ಫಳಫಳ ತೊಳೆದೇ ಒಳಗಿಡುತ್ತಿದ್ದಳು, ಜೇನುತುಪ್ಪದ ಬಾಟಲಿಯೊಂದನ್ನು ಬಿಟ್ಟು. ಜೇನಿನ ಬಾಟಲಿಗೆ ನೀರು ಸೋಕಿಸಬಾರದು. ಎಷ್ಟು ಬಗ್ಗಿಸಿದರೂ ತಳದಲ್ಲಿ ಎರಡು ಚಮಚ ಉಳಿದೇ ಉಳಿಯುತ್ತದೆ, ಅದು ಮುಂದಿನ ಹಬ್ಬದ ಪಂಚಾಮೃತಕ್ಕೆ ಆಗುತ್ತದೆ ಎಂದು ಮುಚ್ಚಳ ಬಿಗಿದು ಹಾಗೇ ಇಟ್ಟುಬಿಡುತ್ತಿದ್ದಳು. ನನಗೆ ಇದೆಲ್ಲ ಶುದ್ಧ ಜಿಪುಣತನ ಅನ್ನಿಸುತ್ತಿತ್ತು.

ಎಂಬತ್ತರ ದಶಕದ ಆರಂಭ. ಜೆ.ಪಿ. ನಗರ ಆಗ ಅರ್ಧ ಮನೆ, ಅರ್ಧ ಖಾಲಿ ಸೈಟು. ಅಪ್ಪ ಬೆಳಿಗ್ಗೆ ಫ್ಯಾಕ್ಟರಿ ಬಸ್ಸು ಹತ್ತಿದರೆ ಸಂಜೆ ಐದಕ್ಕೆ ಇಳಿಯುತ್ತಿದ್ದರು. ಕಾಫಿ ಕುಡಿದು, ಮುಖ ತೊಳೆದು, ಐದೂವರೆಗೆ ಸರಿಯಾಗಿ ಎದುರು ಸಾಲಿನ ಸಹೋದ್ಯೋಗಿಯ ಮನೆ ವರಾಂಡದಲ್ಲಿ ಇಸ್ಪೀಟಿಗೆ ಹಾಜರು. ಮತ್ತೆ ಮನೆಗೆ ಬರುವುದು ಎಂಟೂವರೆಗೆ, ಊಟಕ್ಕೆ. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಅಪ್ಪ ಅಮ್ಮ ಒಟ್ಟಿಗೆ ಹೊರಗೆ ಹೋದದ್ದೆಂದರೆ ಮದುವೆ, ಮುಂಜಿ, ಸಾವು ಇಷ್ಟಕ್ಕೇ. ಅದಕ್ಕೂ ಅಪ್ಪ ಹತ್ತು ಹೆಜ್ಜೆ ಮುಂದೆ, ಅಮ್ಮ ಹಿಂದೆ ಸೆರಗು ಸರಿಮಾಡಿಕೊಳ್ಳುತ್ತಾ. ನೋಡಿದವರು ಇವರಿಬ್ಬರೂ ಬೇರೆ ಬೇರೆ ಮದುವೆಗೆ ಹೊರಟವರು ಎಂದುಕೊಳ್ಳಬೇಕು.

ಅಮ್ಮ ಈ ವಿಷಯವಾಗಿ ಬಾಯಿ ಬಿಟ್ಟದ್ದು ಒಂದೇ ಒಂದು ಸಲ. ಅಕ್ಕಿ ಆರಿಸುತ್ತಾ ಕೂತಿದ್ದವಳು ಇದ್ದಕ್ಕಿದ್ದ ಹಾಗೆ, "ಕನಕಪುರ ರೋಡಿನ ಆ ಕಡೆ ಏನಿದೆ ಅಂತ ನಾನಿನ್ನೂ ನೋಡಿಲ್ಲ ಕಣೆ. ಈ ಮನೆಗೆ ಬಂದು ನಾಲ್ಕು ವರ್ಷ ಆಯ್ತು," ಅಂದಳು. ಆ ರಸ್ತೆ ನಮ್ಮ ಮನೆಯಿಂದ ಹದಿನೈದು ನಿಮಿಷದ ದಾರಿ.

"ಅದಕ್ಕೇನು, ನಾನು ಕರ್ಕೊಂಡ್ ಹೋಗ್ತೀನಿ ಬಾ," ಅಂದೆ.

"ನಿನ್ ಜೊತೆ ಅಲ್ಲ," ಎಂದು ಅಮ್ಮ ಮತ್ತೆ ಅಕ್ಕಿಯ ಕಡೆ ತಿರುಗಿದಳು. ನನಗೆ ಪಾಪ ಅನ್ನಿಸಿತು. ಆದರೆ ಅಪ್ಪನಿಗೆ ಇದನ್ನು ಹೇಳುವ ಧೈರ್ಯ ಯಾರಿಗಿತ್ತು?

ಆಗ ನಮ್ಮ ಕಡೆಯ ಕಾಯಿಲೆಗಳೆಲ್ಲ ಜಯನಗರದ ಒಬ್ಬ ಮುದಿ ಡಾಕ್ಟರ ಪಾಲಿಗೆ ಹೋಗುತ್ತಿದ್ದವು. ಎರಡು ರೂಪಾಯಿ ಫೀಸು. ಅವರ ಕಾಂಪೌಂಡರು ನಾವೇ ಒಯ್ದ ಬಾಟಲಿಗೆ ಗುಲಾಬಿ ಬಣ್ಣದ ಮಿಕ್ಸ್‌ಚರು ತುಂಬಿ, ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತಿಳಿಯಲು ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ. ಅದೂ ಅದೃಷ್ಟ ಇದ್ದವರಿಗೆ. ಹೆಚ್ಚಿನ ಸಲ ಡಾಕ್ಟರು ಎದೆಗೆ ಕೊಳವೆ ಇಟ್ಟು, "ಏನೂ ಇಲ್ಲ, ಹೋಗ್ರೀ. ಮಜ್ಜಿಗೆ ಕುಡೀರಿ," ಎಂದು ಕಳಿಸಿಬಿಡುತ್ತಿದ್ದರು. ಅಪ್ಪನಿಗೆ ಇದು ಅವಮಾನ. ಫ್ಯಾಕ್ಟರಿಗೆ ಅರ್ಧ ದಿನ ರಜಾ ಹಾಕಿ ಬಂದ ಮನುಷ್ಯನಿಗೆ ಏನೂ ಇಲ್ಲ ಅಂದರೆ ಏನರ್ಥ?

ಇಂಥ ಹೊತ್ತಿಗೆ ಮುಖ್ಯರಸ್ತೆಯಲ್ಲಿ ಹೊಸ ನರ್ಸಿಂಗ್ ಹೋಮ್ ಶುರುವಾಯಿತು. ಮೂರು ಅಂತಸ್ತು, ಗಾಜಿನ ಬಾಗಿಲು, ಬಾಗಿಲಲ್ಲಿ ಸೆಲ್ಯೂಟ್ ಹೊಡೆಯುವ ಗೂರ್ಖಾ. ಉದ್ಘಾಟನೆಯ ವಾರ ಎಲ್ಲರಿಗೂ ಉಚಿತ ತಪಾಸಣೆ ಎಂದು ಬೀದಿ ಬೀದಿಗೆ ಚೀಟಿ ಹಂಚಿದರು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುತ್ತಾರಲ್ಲ, ಇಡೀ ಬಡಾವಣೆ ಅಪ್ಪಂದಿರ ಸಮೇತ ಹೊರಟಿತು. ಅಪ್ಪನಿಗಾಗ ಐವತ್ತೊಂದು ವರ್ಷ, ಕಲ್ಲು ತಿಂದು ಕಲ್ಲು ಅರಗಿಸಿಕೊಳ್ಳುವ ಆರೋಗ್ಯ. ಊಟದ ಕೊನೆಗೆ ಒಂದು ತುಂಡು ಬೆಲ್ಲವಾದರೂ ಬಾಯಿಗೆ ಬೀಳದಿದ್ದರೆ ಅವರ ಪ್ರಕಾರ ಊಟವೇ ಆಗಿಲ್ಲ.

ತಪಾಸಣೆಗೆ ಬರುವವರು ಬೆಳಗಿನ ಮೊದಲ ಮೂತ್ರವನ್ನು ಬಾಟಲಿಯಲ್ಲಿ ತರಬೇಕೆಂದು ಚೀಟಿಯಲ್ಲಿತ್ತು. ಬಾಟಲಿ ಆರಿಸುವ ಜವಾಬ್ದಾರಿ ನನ್ನದು. ನಾನಾಗ ಬಿ.ಎಸ್ಸಿ. ಎರಡನೇ ವರ್ಷ, ಅದರಲ್ಲೂ ಕೆಮಿಸ್ಟ್ರಿ. ಮನೆಯ ವಿಜ್ಞಾನಿ ನಾನೇ ಎಂಬ ಜಂಬ ಬೇರೆ. ಮೆಟ್ಟಿಲ ಕೆಳಗೆ ಬಗ್ಗಿ ಕೈ ಹಾಕಿದೆ. ಕಿರಿದಾದ ಬಾಯಿಯವನ್ನೆಲ್ಲ ಬದಿಗಿಟ್ಟು, ಅಗಲ ಬಾಯಿಯ, ಬಿಗಿ ಮುಚ್ಚಳದ ಒಂದು ಬಾಟಲಿಯನ್ನು ವೈಜ್ಞಾನಿಕವಾಗಿ ಆರಿಸಿ ಬಚ್ಚಲಮನೆಯ ಬಾಗಿಲಲ್ಲಿಟ್ಟು ಬಂದೆ. ಮುಚ್ಚಳ ಸ್ವಲ್ಪ ಅಂಟಂಟಾಗಿತ್ತು. ಕೈಯನ್ನು ಲಂಗಕ್ಕೆ ಒರೆಸಿಕೊಂಡೆ. ನನ್ನ ಸಂಶೋಧನೆ ಅಲ್ಲಿಗೆ ಮುಗಿಯಿತು.

ಸಕ್ಕರೆ ಪರೀಕ್ಷೆ ಆ ಕಾಲದಲ್ಲಿ ಬಲು ಸರಳ. ನೀಲಿ ದ್ರಾವಣಕ್ಕೆ ಮೂತ್ರದ ನಾಲ್ಕಾರು ಹನಿ ಹಾಕಿ ಕಾಯಿಸುತ್ತಾರೆ. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗೇ ಉಳಿಯುತ್ತದೆ. ಇದ್ದರೆ ಹಸಿರಾಗುತ್ತದೆ, ಇನ್ನೂ ಇದ್ದರೆ ಹಳದಿ, ವಿಪರೀತ ಇದ್ದರೆ ಇಟ್ಟಿಗೆ ಕೆಂಪು. ನಾನೂ ಕಾಲೇಜಿನ ಲ್ಯಾಬಿನಲ್ಲಿ ಗ್ಲೂಕೋಸಿನ ನೀರು ಹಾಕಿ ಮಾಡುತ್ತಿದ್ದ ಪರೀಕ್ಷೆಯೇ. ಅಪ್ಪನದು ಇಟ್ಟಿಗೆ ಕೆಂಪಾಯಿತು.

"ನಾಲ್ಕು ಪ್ಲಸ್ಸಂತೆ!" ಎಂದು ಅಪ್ಪ ಮನೆಗೆ ಬಂದವರೇ ಸೋಫಾದಲ್ಲಿ ಕುಸಿದರು. ಮುಖದಲ್ಲಿ ಹೆದರಿಕೆ ಇತ್ತು. ಸುಳ್ಳೇಕೆ, ಸ್ವಲ್ಪ ಹೆಮ್ಮೆಯೂ ಇತ್ತು. "ಇಡೀ ಬೀದಿಗೆ ನಂಗೊಬ್ಬನಿಗೇ. ಎದುರು ಮನೆಯವನಿಗೆ ಏನೂ ಇಲ್ವಂತೆ, ಪಾಪ."

ನರ್ಸಿಂಗ್ ಹೋಮಿನ ಡಾಕ್ಟರು ಆಗಷ್ಟೇ ವಿದೇಶದಿಂದ ಬಂದ ಯುವಕ. ಏಪ್ರಿಲ್ ಸೆಖೆಯಲ್ಲೂ ಟೈ ಬಿಚ್ಚುತ್ತಿರಲಿಲ್ಲ. ರಕ್ತವನ್ನೂ ಪರೀಕ್ಷೆ ಮಾಡಿಸಬೇಕು ಎಂದು ಅವರು ಹೇಳಿದ್ದು ನಿಜ. ಆದರೆ ರಕ್ತ ಪರೀಕ್ಷೆ ಮಾಡುವವನು ತಂಗಿಯ ಮದುವೆಗೆ ಊರಿಗೆ ಹೋಗಿದ್ದ. ನಾಲ್ಕು ಪ್ಲಸ್ ಇರುವ ಮನುಷ್ಯನನ್ನು ಸುಮ್ಮನೆ ಬಿಡಲಾದೀತೇ ಎಂದು ಮಾತ್ರೆ ಶುರು ಮಾಡಿದರು. ಹದಿನೈದು ದಿನಕ್ಕೆ ಮದುವೆ ಮುಗಿಸಿ ಅವನು ಬಂದ, ರಕ್ತ ತೆಗೆದ, ಸಕ್ಕರೆ ಸರಿಯಾಗಿತ್ತು. ಮೂತ್ರವನ್ನೂ ಈ ಸಲ ನರ್ಸಿಂಗ್ ಹೋಮಿನ ಬಾಟಲಿಯಲ್ಲೇ ತೆಗೆದುಕೊಂಡರು. ಸ್ವಚ್ಛ ನೀಲಿ.

"ನೋಡಿದ್ರಾ ಸಾರ್, ಮಾತ್ರೆ ಹೇಗೆ ಕೆಲಸ ಮಾಡಿದೆ!" ಎಂದರಂತೆ ಡಾಕ್ಟರು. "ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಜೀವನಪರ್ಯಂತ."

ಹೀಗೆ ಕಾಯಿಲೆ ಕಂಡರೆ ಮಾತ್ರೆ ಬೇಕು, ಕಾಣದಿದ್ದರೆ ಅದು ಮಾತ್ರೆಯ ಮಹಿಮೆ ಎಂಬ ಸ್ಥಿತಿಗೆ ಅಪ್ಪ ಬಂದು ನಿಂತರು. ಬಿಲ್ಲನ್ನು ಫ್ಯಾಕ್ಟರಿ ಕೊಡುತ್ತಿದ್ದುದರಿಂದ ಯಾರಿಗೂ ಹೊಟ್ಟೆ ಉರಿಯಲಿಲ್ಲ. ಮನೆಯಲ್ಲಿ ಬೆಲ್ಲದ ಡಬ್ಬ ಮೇಲಿನ ಅಟ್ಟಕ್ಕೆ ಹೋಯಿತು. ಹಾಗಲಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ಹಾಗಲಕಾಯಿ ರಸ. ಸಕ್ಕರೆ ಅಪ್ಪನಿಗೆ ಬಂದರೂ ಕಹಿ ಮಾತ್ರ ಎಲ್ಲರಿಗೂ ಬಂತು.

ಜೊತೆಗೆ ಇನ್ನೊಂದು ಆಜ್ಞೆ: ದಿನಾ ಸಂಜೆ ನಾಲ್ಕು ಕಿಲೋಮೀಟರು ನಡೆಯಬೇಕು. ಅಪ್ಪ ಬಿಳಿ ಕ್ಯಾನ್ವಾಸ್ ಶೂ ಕೊಂಡು, ಇಸ್ಪೀಟಿಗೆ ಕೈಮುಗಿದು, ಒಬ್ಬರೇ ಹೊರಟರು. ಸ್ವಲ್ಪ ದಿನಕ್ಕೆ ದಾರಿಯಲ್ಲಿ ಬೆವರು ಕಿತ್ತುಕೊಂಡು, ಕೈ ನಡುಗಿ, ತಲೆ ಸುತ್ತಿ, ಮೋರಿ ಕಟ್ಟೆಯ ಮೇಲೆ ಕೂತುಬಿಟ್ಟರು. ಹಾಲಿನವನು ಸೈಕಲ್ ಮೇಲೆ ಮನೆಗೆ ತಂದು ಬಿಟ್ಟ. ಡಾಕ್ಟರು, "ಒಬ್ಬರೇ ಹೋಗಬೇಡಿ ಸಾರ್, ಮನೆಯವರನ್ನ ಕರ್ಕೊಂಡ್ ಹೋಗಿ," ಎಂದರು.

ಮಾರನೇ ಸಂಜೆ ಐದೂವರೆಗೆ ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಗೇಟಿನಲ್ಲಿ ನಿಂತಿದ್ದಳು. ಮುಡಿಯಲ್ಲಿ ಕನಕಾಂಬರ. ರೋಗಿಯ ಜೊತೆ ಹೋಗುವವಳ ಹಾಗಂತೂ ಇರಲಿಲ್ಲ. ಹತ್ತು ಹೆಜ್ಜೆ ಮುಂದೆ ಹೋಗುವ ಸ್ಥಿತಿಯಲ್ಲಿ ಅಪ್ಪ ಇರಲಿಲ್ಲ. ತಲೆ ಸುತ್ತಿದರೆ ಆಸರೆಗೆ ಇರಲಿ ಎಂದು ಅಮ್ಮನ ಹೆಗಲ ಮೇಲೆ ಕೈ ಇಟ್ಟುಕೊಂಡೇ ನಡೆದರು. ನಮ್ಮ ಬೀದಿಯ ಒಂಬತ್ತು ಮನೆಯ ಕಿಟಕಿಗಳೂ ತೆರೆದುಕೊಂಡವು.

ಅವರು ಕನಕಪುರ ರಸ್ತೆ ದಾಟಿ ಜರಗನಹಳ್ಳಿಯ ಕಡೆ ಹೋಗುತ್ತಿದ್ದರು. ಆಗ ಅಲ್ಲಿ ಇನ್ನೂ ಹೊಲ ಇತ್ತು. ಅಮ್ಮ ದಿನಕ್ಕೊಂದು ಸುದ್ದಿ ತರುತ್ತಿದ್ದಳು. "ಅಲ್ಲೊಂದು ಬಾವಿ ಇದೆ ಕಣೆ, ಬಾತುಕೋಳಿ ಇದೆ." "ಇವತ್ತು ಹೊಲದವಳ ಹತ್ರಾನೇ ಹೀರೆಕಾಯಿ ತಗೊಂಡೆ, ನಿಮ್ಮಪ್ಪ ಚೌಕಾಸಿ ಮಾಡಿದ್ರು!" ಅಪ್ಪ ತರಕಾರಿಗೆ ಚೌಕಾಸಿ ಮಾಡುವುದನ್ನು ಅಮ್ಮ ಜೀವಮಾನದಲ್ಲಿ ಮೊದಲ ಸಲ ನೋಡಿದ್ದಳು. ಅವಳು ಹೊಸ ಚಪ್ಪಲಿ ಕೊಂಡಳು, ಹಾಡು ಗುನುಗತೊಡಗಿದಳು. ಮನೆಯಲ್ಲಿ ಕಾಯಿಲೆ ಒಬ್ಬರಿಗೆ ಬಂದಿತ್ತು, ಗುಣ ಕಂಡದ್ದು ಇನ್ನೊಬ್ಬರಿಗೆ.

ತಲೆಸುತ್ತು ಮಾತ್ರ ಬಿಡಲಿಲ್ಲ. ನರ್ಸಿಂಗ್ ಹೋಮಿಗೆ ಮಂಗಳವಾರ ಕತ್ತಿನ ಸ್ಪೆಷಲಿಸ್ಟು ಬರುತ್ತಿದ್ದರು. ಅವರು ಎಕ್ಸ್-ರೇ ತೆಗೆಸಿ, ಕುತ್ತಿಗೆಯ ಮೂಳೆ ಸವೆದಿದೆ, ತಲೆಸುತ್ತು ಅದರಿಂದಲೇ ಎಂದು ಪಟ್ಟಿ ಕಟ್ಟಿದರು. ಗುರುವಾರ ಹೃದಯದವರು. ಇ.ಸಿ.ಜಿ.ಯಲ್ಲಿ ವಿಶೇಷವೇನೂ ಇಲ್ಲ, ಆದರೂ ಒಂದು ಕೆಂಪು ಮಾತ್ರೆ ಇರಲಿ ಎಂದರು. ಶನಿವಾರ ಕಿವಿಯವರು ಕಿವಿಯಲ್ಲಿ ನೀರು ಬಿಟ್ಟು, ದೋಷ ಒಳಗಿವಿಯದು ಎಂದು ಹನಿ ಔಷಧಿ ಕೊಟ್ಟರು. ಅಜ್ಜಿಗೆ ಅರಿವೆ ಚಿಂತೆಯಾದರೆ ಮೊಮ್ಮಗಳಿಗೆ ಕಜ್ಜಾಯದ ಚಿಂತೆ. ಭಾನುವಾರ ಯಾರೂ ಬರುತ್ತಿರಲಿಲ್ಲವಾದ್ದರಿಂದ ಅಪ್ಪನಿಗೆ ಭಾನುವಾರದ ಕಾಯಿಲೆಯೊಂದು ಬರಲಿಲ್ಲ.

ಕತ್ತಿನ ಪಟ್ಟಿಯದೇ ಒಂದು ಪುರಾಣ. ಅದನ್ನು ಕಟ್ಟಿಕೊಂಡರೆ ಅಪ್ಪನಿಗೆ ತಟ್ಟೆ ಕಾಣುತ್ತಿರಲಿಲ್ಲ. ಅಮ್ಮ ಪಕ್ಕದಲ್ಲಿ ಕೂತು, "ಎಡಗಡೆ ಪಲ್ಯ, ಅದರ ಪಕ್ಕ ಚಟ್ನಿ. ಅಯ್ಯೋ ಅದು ಉಪ್ಪು ರೀ," ಎಂದು ದಾರಿ ಹೇಳಬೇಕು. ಯಾರಾದರೂ ಕರೆದರೆ ಅಪ್ಪ ಕತ್ತು ತಿರುಗಿಸಲಾರದೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು, ಬಸ್ಸು ಡಿಪೋದಲ್ಲಿ ತಿರುಗುವ ಹಾಗೆ. ಆದರೆ ಫ್ಯಾಕ್ಟರಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಖಾಯಂ ಆಯಿತು. ಎದುರು ಮನೆಯವನು ತನಗೂ ಕತ್ತು ನೋಯುತ್ತದೆ ಎಂದು ಹೇಳಿಕೊಂಡು ತಿರುಗಿದ. ಯಾರೂ ನಂಬಲಿಲ್ಲ.

ಕೃಷ್ಣಾಷ್ಟಮಿ ಬಂತು. ಅಮ್ಮ ಪಂಚಾಮೃತಕ್ಕೆ ಎಲ್ಲ ಹೊಂದಿಸುತ್ತಾ ಮೆಟ್ಟಿಲ ಕೆಳಗಿನ ಪೆಟ್ಟಿಗೆಯನ್ನು ಮೂರು ಸಲ ತಡಕಾಡಿದಳು.

"ಜೇನಿನ ಬಾಟ್ಲಿ ಎಲ್ಲೇ? ಅಗಲ ಬಾಯಿದು. ತಳದಲ್ಲಿ ಎರಡು ಚಮಚ ಇತ್ತು."

"ನಂಗೇನ್ ಗೊತ್ತು?" ಅಂದೆ, ಪುಸ್ತಕದಿಂದ ತಲೆ ಎತ್ತದೆ.

"ಅವತ್ತು ನಿಮ್ಮಪ್ಪಂಗೆ ಯಾವ ಬಾಟ್ಲಿ ಕೊಟ್ಟೆ?"

"ಯಾವುದೋ ಒಂದು. ಅಗಲ ಬಾಯಿದು."

ಅಮ್ಮ ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ, ಆ ವರ್ಷ ಜೇನಿಲ್ಲದೆ ಪಂಚಾಮೃತ ಮಾಡಿದಳು. ಬಿ.ಎಸ್ಸಿ. ಕೆಮಿಸ್ಟ್ರಿಗೆ ಆಗಲೂ ಏನೂ ಹೊಳೆಯಲಿಲ್ಲ. ಈಗ ನೆನೆಸಿಕೊಂಡರೆ ನನಗೆ ನಾನೇ ತಲೆಗೆ ಮೊಟಕಿಕೊಳ್ಳಬೇಕು ಅನ್ನಿಸುತ್ತದೆ.

ಅಷ್ಟಮಿ ಆದ ಮೇಲೆ ಅಪ್ಪನ ತಲೆಸುತ್ತು ಮಾಯವಾಯಿತು. ಕತ್ತಿನವರು ಅದು ಪಟ್ಟಿಯ ಫಲ ಎಂದರು, ಕಿವಿಯವರು ಹನಿಯ ಫಲ ಎಂದರು. ಅಪ್ಪ ಮಾತ್ರ ಶ್ರೇಯಸ್ಸನ್ನು ಸಕ್ಕರೆ ಮಾತ್ರೆಗೇ ಕೊಟ್ಟರು. "ಕಂಪನಿ ಬದಲಾಯಿಸಿದಾರೆ ಅಂತ ಕಾಣುತ್ತೆ. ಬಲು ಪವರ್‌ಫುಲ್. ನುಂಗಿದ ತಕ್ಷಣ ಗಂಟಲಿಂದ ಹೊಟ್ಟೆವರೆಗೂ ತಣ್ಣಗೆ ಇಳಿಯುತ್ತೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ತಲೆಸುತ್ತು ನಿಂತಿದ್ದರೂ ವಾಕಿಂಗಿನಲ್ಲಿ ಕೈ ಅಮ್ಮನ ಹೆಗಲ ಮೇಲೇ ಇರುತ್ತಿತ್ತು. ಯಾವಾಗ ಬಂದರೂ ಬರಬಹುದಲ್ಲ ಎಂದು ಮುನ್ನೆಚ್ಚರಿಕೆ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಅವರೇಕಾಯಿ ಕಾಲದಲ್ಲಿ, ಎಲ್ಲವೂ ಹೊಂದಿಕೊಂಡಿದ್ದಾಗ, ಅಪ್ಪ ನರ್ಸಿಂಗ್ ಹೋಮಿನ ಮೆಟ್ಟಿಲಿಳಿಯುತ್ತಾ "ಉಸ್" ಅಂದರು. ಅಂದದ್ದು ಮಂಡಿಯ ಸ್ಪೆಷಲಿಸ್ಟರ ಕಿವಿಗೆ ಬಿತ್ತು. ಮುಂದಿನ ವಾರ ನಾವು ಮೂವರೂ ಅವರ ಕೋಣೆಯಲ್ಲಿದ್ದೆವು. ಅಷ್ಟೊತ್ತಿಗೆ ಅಪ್ಪನ ಎಕ್ಸ್-ರೇಗಳು ಎಷ್ಟಾಗಿದ್ದವೆಂದರೆ ಆ ಕಂದು ಕವರುಗಳನ್ನು ಹೊರಲು ನಾನು ಬೇಕಾಗಿತ್ತು.

ಮಂಡಿಯವರು ಫಿಲಮ್ಮನ್ನು ದೀಪಕ್ಕೆ ಹಿಡಿದು, "ಸವೆದಿದೆ. ಮೂರು ತಿಂಗಳು ವಾಕಿಂಗ್ ಪೂರ್ತಿ ಬಂದ್," ಎಂದರು.

ಅಮ್ಮನ ಮುಖ ಬಿಳಿಚಿಕೊಂಡಿತು. "ಹಂಗಾದ್ರೆ ಸಂಜೆ ಹೊತ್ತು?"

"ಕೂತ್ಕೊಂಡು ಮಾಡೋದು ಏನಾದ್ರೂ ಮಾಡ್ಲಿ ಅಮ್ಮಾ. ಫ್ರೆಂಡ್ಸ್ ಜೊತೆ ಇಸ್ಪೀಟ್ ಗಿಸ್ಪೀಟ್ ಆಡ್ಲಿ. ಮನಸ್ಸಿಗೂ ಒಳ್ಳೇದು."

ಪಾಪ, ಆ ಡಾಕ್ಟರಿಗೆ ತಾನು ಎಲ್ಲಿ ಕೈ ಇಟ್ಟೆ ಎಂದು ಗೊತ್ತಿರಲಿಲ್ಲ. ಏಳನೇ ಕ್ಲಾಸು ಓದಿದ, ಡಾಕ್ಟರ ಮುಂದೆ ಎಂದೂ ದನಿ ಎತ್ತದ ನಮ್ಮಮ್ಮ ಕುರ್ಚಿಯಿಂದ ಎದ್ದು ನಿಂತಳು.

"ಇವರಿಗೆ ಮಂಡಿನೂ ನೆಟ್ಟಗಿದೆ, ಕತ್ತೂ ನೆಟ್ಟಗಿದೆ. ಸಕ್ಕರೆ ಕಾಯಿಲೆನೂ ಇಲ್ಲ!"

ಗದ್ದಲ ಕೇಳಿ ಟೈ ಡಾಕ್ಟರು ಓಡಿ ಬಂದರು. ಅಮ್ಮ ಅವರ ಕಡೆ ತಿರುಗಿದಳು. "ಅವತ್ತು ನಮ್ಮ ಹುಡುಗಿ ಕೊಟ್ಟಿದ್ದು ಜೇನಿನ ಬಾಟ್ಲಿ. ತೊಳೀದೇ ಇದ್ದದ್ದು. ನೀವು ನೋಡಿದ್ದು ನಮ್ಮನೆ ಜೇನನ್ನ, ಇವರ ಸಕ್ಕರೇನಲ್ಲ. ಇಲ್ದಿರೋ ಸಕ್ಕರೆನ ನಿಮ್ಮ ಮಾತ್ರೆ ಇಳಿಸಿ ಇಳಿಸಿ ಇವರಿಗೆ ತಲೆ ಸುತ್ತಿತು. ಒಂದಿನ ಹೊಲದ ಹತ್ರ ಬೆವೆತು ಬಿದ್ದಾಗ ನಾನು ಹೆದರಿ, ಅಲ್ಲೇ ಒಬ್ಬಳ ಹತ್ರ ಬೆಲ್ಲ ಇಸ್ಕೊಂಡು ಬಾಯಿಗೆ ಹಾಕಿದೆ. ಹತ್ತು ನಿಮಿಷಕ್ಕೆ ಎದ್ದು ಕೂತ್ರು. ಸಕ್ಕರೆ ಜಾಸ್ತಿ ಇರೋರು ಬೆಲ್ಲ ತಿಂದು ಹುಷಾರಾಗ್ತಾರೇನ್ರೀ?"

"ಆದ್ರೆ ತಲೆಸುತ್ತು ನಿಂತು ಐದು ತಿಂಗಳಾಯ್ತಲ್ಲ. ಮಾತ್ರೆ ನಡೀತಾನೇ ಇದೆ," ಎಂದರು ಟೈ ಡಾಕ್ಟರು.

ಅಮ್ಮ ವ್ಯಾನಿಟಿ ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಶೆಟ್ಟರ ಅಂಗಡಿಯ ಗಾಜಿನ ಜಾಡಿಯಲ್ಲಿ ಸಿಗುತ್ತಿತ್ತಲ್ಲ, ಬಿಳಿ, ದುಂಡು, ಚಪ್ಪಟೆ ಪೆಪ್ಪರ್‌ಮೆಂಟು. "ಅಷ್ಟಮಿಯಿಂದ ಇವರು ನುಂಗ್ತಿರೋದು ಇದು. ದಿನಕ್ಕೆ ಮೂರು."

ಟೈ ಡಾಕ್ಟರು ಒಂದು ಪೆಪ್ಪರ್‌ಮೆಂಟು ಬಾಯಿಗೆ ಹಾಕಿಕೊಂಡು, ಯೋಚಿಸಿ, ಅಲ್ಲೇ ಅಪ್ಪನ ಕೈಗೆ ತೊಳೆದ ಬಾಟಲಿ ಕೊಟ್ಟು ಕಳಿಸಿದರು. ಬೆಳಿಗ್ಗೆ, ಮಧ್ಯಾಹ್ನ ಎರಡು ಪೆಪ್ಪರ್‌ಮೆಂಟು ನುಂಗಿದ್ದ ಸಕ್ಕರೆ ರೋಗಿಯ ಪರೀಕ್ಷೆ ಆಕಾಶದಷ್ಟು ನೀಲಿಯಾಗಿ ಬಂತು. ರಕ್ತವನ್ನೂ ತೆಗೆದರು, ಅದರಲ್ಲೂ ಏನೂ ಸಿಗಲಿಲ್ಲ.

ಅಪ್ಪ ಇಡೀ ಮೈಯನ್ನು ಡಾಕ್ಟರ ಕಡೆ ತಿರುಗಿಸಿ ಸಣ್ಣ ದನಿಯಲ್ಲಿ ಕೇಳಿದರು: "ಹಾಗಾದ್ರೆ ನಂಗೆ ಏನೂ ಇಲ್ವಾ?"

ಟೈ ಡಾಕ್ಟರಿಗೆ ಅವರನ್ನು ನೋಡಿ ಕರುಣೆ ಬಂದಿರಬೇಕು. "ಕುತ್ತಿಗೆ ಸವೆತ ಸ್ವಲ್ಪ ಇದೆ ಸಾರ್. ಆದ್ರೆ ಐವತ್ತು ದಾಟಿದವರಲ್ಲಿ ಅದು ಯಾರಿಗಿಲ್ಲ?" ಎಂದು ಸಮಾಧಾನ ಹೇಳಿದರು.

ಮನೆಗೆ ಬರುವಾಗ ಬಸ್ಸಿನಲ್ಲಿ ಅಪ್ಪ ಕತ್ತಿನ ಪಟ್ಟಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ಇಳಿದ ಮೇಲೆ ಹತ್ತು ಹೆಜ್ಜೆ ಮುಂದೆ ನಡೆದು ಮನೆ ಸೇರಿದರು. ನಾನು ಅಡುಗೆಮನೆಗೆ ಹೋದರೆ ಅಮ್ಮ ಅವರೇಕಾಯಿ ಬಿಡಿಸುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಅಷ್ಟಮಿಲೇ ಗೊತ್ತಿತ್ತಲ್ಲ, ಆಗ್ಲೇ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ.

"ಹೇಳಿದ್ರೆ ಕಾಯಿಲೆ ಹೋಗ್ತಿತ್ತು," ಅಂದಳು. "ಕಾಯಿಲೆ ಹೋದ್ರೆ ಇವರೂ ಹೋಗ್ತಿದ್ರು, ಇಸ್ಪೀಟಿಗೆ. ತಪ್ಪು ಮಾಡ್ದೆ ಕಣೆ. ಆದ್ರೆ ಚೆನ್ನಾಗಿತ್ತು." ಜೇನಿನ ಬಾಟಲಿ ಕೊಟ್ಟವಳು ನಾನು. ಆದರೂ ಅವಳು ನನ್ನನ್ನು ಒಂದು ಮಾತೂ ಬೈಯಲಿಲ್ಲ.

ಮಾರನೇ ದಿನ ಅಪ್ಪ ಐದಕ್ಕೆ ಬಸ್ಸಿಳಿದರು. ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿಸಿಕೊಂಡರು. ಅಟ್ಟದಿಂದ ಬೆಲ್ಲದ ಡಬ್ಬ ಇಳಿಸಿ ಒಂದು ತುಂಡು ಬಾಯಿಗೆ ಹಾಕಿಕೊಂಡರು. ಎದುರು ಸಾಲಿನ ವರಾಂಡದಿಂದ, "ಬನ್ನಿ ಸಾರ್, ಒಂದು ಕೈ ಕಮ್ಮಿ ಇದೆ!" ಎಂದು ಕೂಗು ಬಂತು. ಸುದ್ದಿ ಆಗಲೇ ಬೀದಿಗೆಲ್ಲ ಗೊತ್ತಾಗಿತ್ತು. ಅಮ್ಮ ಸಂಜೆಯ ದೀಪಕ್ಕೆ ಬತ್ತಿ ಹೊಸೆಯುತ್ತಾ ತಲೆ ತಗ್ಗಿಸಿಯೇ ಇದ್ದಳು. ಅವಳು ಹಳೇ ಸೀರೆಯಲ್ಲೇ ಇದ್ದಳು.

ಐದೂವರೆಗೆ ಅಪ್ಪ ಎದ್ದು ಹೊರಗೆ ಹೋದರು. ಗೇಟು ಕಿರ್ರೆಂದಿತು. ಆಮೇಲೆ ಹೆಜ್ಜೆ ಸದ್ದು ಕೇಳಿಸಲಿಲ್ಲ. ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಅಪ್ಪ ಗೇಟು ಹಿಡಿದು ನಿಂತಿದ್ದರು.

"ಏನೇ," ಎಂದು ಒಳಗೆ ಕೇಳುವ ಹಾಗೆ ಕೂಗಿದರು, ಕಣ್ಣು ಮಾತ್ರ ಕಾಂಪೌಂಡಿನ ಮೇಲೆ. "ಯಾಕೋ ಸ್ವಲ್ಪ ತಲೆ ಸುತ್ತಿದ ಹಾಗಿದೆ. ಒಬ್ಬನೇ ಹೋಗೋದು ಬೇಡ ಅಂದಿದ್ರಲ್ಲ ಡಾಕ್ಟ್ರು."

ಅಮ್ಮ ಸೀರೆ ಬದಲಾಯಿಸಲೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡು, ಪೆಪ್ಪರ್‌ಮೆಂಟಿನ ಪೊಟ್ಟಣ ಹಿಡಿದು ಓಡಿದಳು. ಇಬ್ಬರೂ ಕನಕಪುರ ರಸ್ತೆಯ ಕಡೆ ತಿರುಗುವವರೆಗೂ ನಾನು ನೋಡುತ್ತಾ ನಿಂತೆ. ಅಪ್ಪನ ಕೈ ಅಮ್ಮನ ಹೆಗಲ ಮೇಲಿತ್ತು, ಹೆಜ್ಜೆ ಮಾತ್ರ ಗಟ್ಟಿಯಾಗಿಯೇ ಬೀಳುತ್ತಿತ್ತು.